ಮೂರು ವಾಚು ಕಟ್ಟಿ ನೋಡಿದೆ, ಬ್ರಾಂಡ್ ವಾಚಿಗೆ ಬೆಲ್ಟೇ ಸಿಗಲಿಲ್ಲ

ಹತ್ತು ಸಾವಿರದೊಳಗೆ ವಾಚು ಹುಡುಕುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಟೈಟಾನ್ ತಗೊಳ್ಳಿ. ಮೂರು ವರ್ಷದಲ್ಲಿ ನಾನು ಮೂರು ವಾಚು ಕಟ್ಟಿದ್ದೇನೆ. ಬಟ್ಟೆಗೆ ಹೆಸರಾದ ಒಂದು ವಿದೇಶಿ ಬ್ರಾಂಡಿನದು, ಆಮೇಲೆ ಒಂದು ಕ್ಯಾಸಿಯೋ ಎನ್‌ಟೈಸರ್, ಈಗ ಕೈಯಲ್ಲಿರುವ ಟೈಟಾನ್. ಬ್ರಾಂಡ್ ವಾಚಿಗೆ 8,500 ರೂಪಾಯಿ ಕೊಟ್ಟೆ, ಅದೂ ಡಿಸ್ಕೌಂಟ್ ಕಳೆದು. ಮಿಕ್ಕ ಎರಡನ್ನೂ ಸೇರಿಸಿದರೂ ಅಷ್ಟಾಗಲಿಲ್ಲ.

ಅದು ನೋಡಲು ಚೆನ್ನಾಗಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಕಡುನೀಲಿ ಡಯಲ್. ಬಿಸಿಲಿಗೆ ಹಿಡಿದರೆ ನಡುವಿನಿಂದ ಅಂಚಿಗೆ ಬೆಳಕು ಗೆರೆ ಗೆರೆಯಾಗಿ ಹರಿಯುತ್ತಿತ್ತು. ತಂಗಿ ಮದುವೆಯಲ್ಲಿ ನಾಲ್ಕು ಜನ ಕೈ ಹಿಡಿದು ನೋಡಿದರು. ಆ ಖುಷಿಗೂ ಒಂದು ಬೆಲೆ ಇದೆ, ಇಲ್ಲ ಅನ್ನುವುದಿಲ್ಲ.

ತೊಂದರೆ ಶುರುವಾಗಿದ್ದು ಬೆಲ್ಟಿನಿಂದ. ನಾನು ದಿನಾ ಸ್ಕೂಟರಿನಲ್ಲಿ ಓಡಾಡುವವನು, ಕೈ ಜಾಸ್ತಿ ಬೆವರುತ್ತದೆ. ಹದಿನಾಲ್ಕನೇ ತಿಂಗಳಿಗೆ ಬಕಲ್ ತೂತಿನ ಹತ್ತಿರ ಬೆಲ್ಟು ಬಿರುಕು ಬಿಟ್ಟಿತು. ಪೂರ್ತಿ ಚರ್ಮ ಅಂದುಕೊಂಡಿದ್ದೆ. ಮೇಲಿನ ತೆಳು ಪದರ ಎದ್ದಾಗ ಒಳಗೆ ಬೂದು ಬಣ್ಣದ ರಟ್ಟಿನಂಥದ್ದು ಕಾಣಿಸಿತು. ಹೋಗಲಿ, ಬೆಲ್ಟು ಸವೆಯುವುದೇ ಅಲ್ವಾ ಅಂತ ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರದ ರಿಪೇರಿ ಅಂಗಡಿಗೆ ಹೋದೆ.

ಅಂಗಡಿಯವರು ವಾಚನ್ನು ತಿರುಗಿಸಿ ನೋಡಿ, "ಇದಕ್ಕೆ ಹೊರಗಿನ ಬೆಲ್ಟು ಕೂರಲ್ಲ ಸ್ವಾಮಿ" ಅಂದರು. ಮಾಮೂಲಿ ವಾಚಿನಲ್ಲಿ ಬೆಲ್ಟು ಸೇರುವ ಜಾಗ ನೇರವಾಗಿರುತ್ತದೆ. ಹೆಚ್ಚಾಗಿ 18, 20 ಇಲ್ಲವೇ 22 ಮಿಲಿಮೀಟರ್ ಅಗಲ. ಆ ಅಳತೆಯ ಯಾವ ಬೆಲ್ಟಾದರೂ ಸರಿ, ಎರಡು ಪಿನ್ ಕೂರಿಸಿದರೆ ಕೆಲಸ ಮುಗಿಯಿತು. ನನ್ನದರಲ್ಲಿ ನಡುವೆ ಒಂದೇ ದಪ್ಪ ಗೂಟ. ಬೆಲ್ಟಿನ ತುದಿಯನ್ನು ಅದಕ್ಕೆ ತಕ್ಕ ಹಾಗೆ ಕೊರೆದಿದ್ದರು. ಪಾಪ, ಅವರು 22ರ ಬೆಲ್ಟೊಂದನ್ನು ಬ್ಲೇಡಿನಲ್ಲಿ ಕೊರೆದು ಕೂರಿಸಲು ನೋಡಿದರು. ಹೊಲಿಗೆ ಬಿಟ್ಟುಕೊಂಡಿತು. ದುಡ್ಡೂ ತಗೊಳ್ಳಲಿಲ್ಲ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಬೆಲ್ಟಿಗೆ 2,200 ರೂಪಾಯಿ, ಆರು ವಾರ ಕಾಯಬೇಕು ಅಂದರು. ಆರು ಹೋಗಿ ಹನ್ನೊಂದು ವಾರವಾಯಿತು. ಕೊನೆಗೆ ಬಂದಿದ್ದು ಕಂದು ಬಣ್ಣದ್ದು. ನಾನು ಕೇಳಿದ್ದು ಕಪ್ಪು. ವಾಪಸ್ ಕಳಿಸಿ ದುಡ್ಡು ತಗೊಂಡೆ.

ಅದೇ ರಿಪೇರಿ ಅಂಗಡಿಯಲ್ಲಿ ಸೆಲ್ ಹಾಕಿಸುವಾಗ ಒಳಗಿನ ಮಷಿನ್ ನೋಡಿದೆ. ಮಿಯೋಟಾ 2035, ಜಪಾನಿನ ಸಿಟಿಜನ್ ಬಳಗದ್ದು. ಒಳ್ಳೆಯ ಮಷಿನ್, ತಿಂಗಳಿಗೆ ಹೆಚ್ಚೆಂದರೆ 20 ಸೆಕೆಂಡ್ ಹಿಂದೆಮುಂದೆ. ಆದರೆ ತೀರಾ ಅಗ್ಗದ ವಾಚುಗಳಲ್ಲೂ ಅದೇ ಇರುತ್ತದೆ. ಬಟ್ಟೆ ಬ್ರಾಂಡುಗಳಲ್ಲಿ ಎಷ್ಟೋ ಜನ ವಾಚು ತಾವೇ ಮಾಡುವುದಿಲ್ಲ. ಅರ್ಮಾನಿ, ಮೈಕೆಲ್ ಕೋರ್ಸ್ ಹೆಸರಿನಲ್ಲಿ ಫಾಸಿಲ್ ಗ್ರೂಪ್ ಮಾಡುತ್ತದೆ. ಟಾಮಿ ಹಿಲ್‌ಫಿಗರ್, ಲಕಾಸ್ಟ್ ವಾಚುಗಳನ್ನು ಮೊವಾಡೋ ಗ್ರೂಪ್ ಮಾಡುತ್ತದೆ. (ನನ್ನದು ಇವ್ಯಾವುದೂ ಅಲ್ಲ.) ಅದರಲ್ಲಿ ತಪ್ಪೇನಿಲ್ಲ. ಸೆಲ್ಲಿನಿಂದ ಓಡುವ ಇಂಥ ವಾಚುಗಳಲ್ಲಿ ಟೈಮ್ ಲೆಕ್ಕ ಇಡುವ ಕ್ವಾರ್ಟ್ಜ್ ಹರಳು ಸಾಮಾನ್ಯವಾಗಿ ಸೆಕೆಂಡಿಗೆ 32,768 ಸಲವೇ ಕಂಪಿಸುವುದು. ಟೈಮ್ ವಿಷಯದಲ್ಲಿ ಅಂಥ ವ್ಯತ್ಯಾಸ ಇಲ್ಲ ಅಂದಮೇಲೆ, ಕೊಟ್ಟ ಹೆಚ್ಚಿನ ದುಡ್ಡು ಕೇಸಿನಲ್ಲಿ, ಗ್ಲಾಸಿನಲ್ಲಿ, ಬೆಲ್ಟಿನಲ್ಲಿ ಕಾಣಬೇಕು. ನನಗೆ ಡಯಲ್‌ನಲ್ಲಿ ಬಿಟ್ಟು ಬೇರೆಲ್ಲೂ ಕಾಣಲಿಲ್ಲ. ಹಿಂದೆ "ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್" ಅಂತ ಕೆತ್ತಿತ್ತು. ಅಂದರೆ ಸ್ಟೀಲು ಅಂತ ಹೇಳಿದ್ದು ಹಿಂದಿನ ಮುಚ್ಚಳಕ್ಕೆ ಮಾತ್ರ. ಮಣಿಕಟ್ಟಿಗೆ ಉಜ್ಜುವ ಕಡೆ ಕೇಸಿನ ಪಾಲಿಶ್ ಆಗಲೇ ಹೋಗಿತ್ತು.

ಕ್ಯಾಸಿಯೋ 2,600 ರೂಪಾಯಿಗೆ ಬಂತು. 50 ಮೀಟರ್ ವಾಟರ್ ರೆಸಿಸ್ಟೆಂಟ್, ಮಳೆಗೆ ಹೆದರಬೇಕಿಲ್ಲ. 30 ಮೀಟರ್ ಅಂತ ಇದ್ದರೆ ಕೈ ತೊಳೆಯುವಾಗ ಸಿಡಿಯುವ ನೀರಿಗಷ್ಟೇ ಅಂತ ತಿಳಿದುಕೊಳ್ಳಿ. ಆದರೆ ಅದು ಚೈನಿನ ವಾಚು, ನನಗೆ ಚೈನ್ ಕಟ್ಟಿ ಅಭ್ಯಾಸವಿಲ್ಲ. ಮಗ ಕೇಳಿದ, ಕೊಟ್ಟೆ.

ಟೈಟಾನಿಗೆ 4,300 ಕೊಟ್ಟೆ. ಅಂಗಡಿಯಲ್ಲಿ ಡಯಲ್ ನೋಡುವ ಮೊದಲು ತಿರುಗಿಸಿ ಬೆಲ್ಟು ಸೇರುವ ಜಾಗ ನೋಡಿದೆ. ನೇರ 20 ಮಿಲಿಮೀಟರ್. ಕಳೆದ ತಿಂಗಳು ಅದೇ ರಿಪೇರಿ ಅಂಗಡಿಯಲ್ಲಿ 350 ರೂಪಾಯಿಗೆ ಹೊಸ ಚರ್ಮದ ಬೆಲ್ಟು ಹಾಕಿಸಿದೆ, ಐದು ನಿಮಿಷವೂ ಹಿಡಿಯಲಿಲ್ಲ. ಅಪ್ಪನ ಎಚ್‌ಎಂಟಿಗೂ ಅಲ್ಲೇ ಬೆಲ್ಟು ಹಾಕಿಸುವುದು. 1961ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಶುರು ಮಾಡಿದ್ದು ಇದೇ ಸಿಟಿಜನ್ ಜೊತೆ ಸೇರಿ.

ವರ್ಷಕ್ಕೆ ನಾಲ್ಕು ಸಮಾರಂಭಕ್ಕೆ ಮಾತ್ರ ಕಟ್ಟುವವರಾದರೆ ಬ್ರಾಂಡ್ ವಾಚು ತಗೊಳ್ಳಿ, ಬೆಲ್ಟು ಬೇಗ ಹಾಳಾಗುವುದಿಲ್ಲ. ನನ್ನ ಹಾಗೆ ದಿನಾ ಕಟ್ಟುವವರಾದರೆ ಬೇಡ. ನನ್ನದು ಈಗ ಬೀರುವಿನಲ್ಲಿದೆ. ಸೆಲ್ ಹೊಸದು, ಟೈಮ್ ಸರಿಯಾಗಿದೆ, ಕಟ್ಟಲು ಬೆಲ್ಟಿಲ್ಲ.