ತಪ್ಪು ಸಾಲುಗಳ ಜಾಗಕ್ಕೆ ಸರಿಯಾದ ಸಾಲು: ಓಪನ್‌ರಿಫೈನ್ ಬಳಸಿ ನೋಡಿದಾಗ

ನಮ್ಮ ಬಡಾವಣೆಯ ವಾಚನಾಲಯದ ಪುಸ್ತಕಪಟ್ಟಿಯನ್ನು ಕೆಲವು ಸ್ವಯಂಸೇವಕರು ಸೇರಿ ಎಕ್ಸೆಲ್‌ನಲ್ಲಿ ಟೈಪ್ ಮಾಡಿ ಮುಗಿಸಿದಾಗ ಸುಮಾರು 4,000 ಸಾಲುಗಳಾಗಿದ್ದವು. ಆಮೇಲೆ ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕವನ್ನು ತಾಳೆ ನೋಡಿದವರು, ತಪ್ಪಿದ್ದ 300ಕ್ಕೂ ಹೆಚ್ಚು ಸಾಲುಗಳನ್ನು ಸರಿಪಡಿಸಿ ಬೇರೆ ಫೈಲಿನಲ್ಲಿ ಬರೆದುಕೊಟ್ಟರು. ಹಳೆಯ ಪಟ್ಟಿಯಲ್ಲಿ ಆ ತಪ್ಪು ಸಾಲುಗಳ ಜಾಗಕ್ಕೆ ಇವನ್ನು ಕೂರಿಸಿ, ಉಳಿದವನ್ನು ಮುಟ್ಟದೆ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕಾಗಿ ಬಳಸಿದ್ದು ಓಪನ್‌ರಿಫೈನ್ ಎಂಬ ತಂತ್ರಾಂಶವನ್ನು.

2010ರಲ್ಲಿ ಮೆಟಾವೆಬ್ ಕಂಪನಿಯಲ್ಲಿ ಫ್ರೀಬೇಸ್ ಗ್ರಿಡ್‌ವರ್ಕ್ಸ್ ಎಂಬ ಹೆಸರಿನಿಂದ ಹುಟ್ಟಿ, ಅದೇ ವರ್ಷ ಗೂಗಲ್ ಆ ಕಂಪನಿಯನ್ನು ಕೊಂಡ ಮೇಲೆ ಗೂಗಲ್ ರಿಫೈನ್ ಆಗಿ, 2012ರಲ್ಲಿ ಬಳಕೆದಾರರ ಸಮುದಾಯದ ಕೈಗೆ ಬಂದು ಈಗಿನ ಹೆಸರು ಪಡೆದ ಇದು ಉಚಿತವೂ ಮುಕ್ತವೂ ಆದ ತಂತ್ರಾಂಶ. ಬ್ರೌಸರಿನಲ್ಲಿ ತೆರೆದುಕೊಂಡರೂ ಕೆಲಸ ನಡೆಯುವುದು ನಮ್ಮ ಕಂಪ್ಯೂಟರಿನೊಳಗೇ.

‘ಈ ಸಾಲುಗಳನ್ನು ಬದಲಿಸು’ ಎನ್ನುವ ಗುಂಡಿ ಇದರಲ್ಲಿ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹಳೆಯ ಪಟ್ಟಿ ಒಂದು ಪ್ರಾಜೆಕ್ಟ್, ತಿದ್ದುಪಡಿಯ ಫೈಲು ಇನ್ನೊಂದು ಪ್ರಾಜೆಕ್ಟ್ ಎಂದು ತೆರೆದುಕೊಂಡು, ಎರಡರಲ್ಲೂ ಇರುವ ಪರಿಗ್ರಹಣ ಸಂಖ್ಯೆಯನ್ನು (ವಾಚನಾಲಯ ಒಂದೊಂದು ಪುಸ್ತಕಕ್ಕೂ ಕೊಡುವ ಪ್ರತ್ಯೇಕ ಸಂಖ್ಯೆ) ಕೊಂಡಿಯಾಗಿಟ್ಟು, ಕ್ರಾಸ್ ಎಂಬ ಸೂತ್ರದಿಂದ ಶೀರ್ಷಿಕೆ, ಲೇಖಕ, ಪ್ರಕಾಶಕ ಹೀಗೆ ಒಂದೊಂದು ಕಾಲಂಗೂ ಹೊಸ ಮೌಲ್ಯವನ್ನು ಎಳೆದು ತರಬೇಕು. ಕಾಲಂ ಹತ್ತಿದ್ದರೆ ಹತ್ತು ಸಲ ಬರೆಯಬೇಕು. ಇದು ಬೇಸರದ ಕೆಲಸವೇ ಸರಿ. ಆದರೆ ಸೂತ್ರಕ್ಕೆ ಜೋಡಿ ಸಿಗದ ಸಾಲಿನಲ್ಲಿ ದೋಷ ಬಂದರೆ ಮೂಲ ಮೌಲ್ಯವನ್ನೇ ಉಳಿಸಿಕೊಳ್ಳುವ ಆಯ್ಕೆ ಅದೇ ಕಿಟಕಿಯಲ್ಲಿರುವುದರಿಂದ, ತಿದ್ದುಪಡಿ ಇಲ್ಲದ ಸುಮಾರು 3,700 ಸಾಲುಗಳು ಇದ್ದಂತೆಯೇ ಉಳಿದವು. ಎಕ್ಸೆಲ್‌ನ ವಿಲುಕಪ್ ಎಂಬ ಹುಡುಕುವ ಸೂತ್ರದಲ್ಲಿ ಕೊನೆಯ ಆಯ್ಕೆಯನ್ನು ಬರೆಯಲು ಮರೆತರೆ ಅದು ನಿಖರ ಹೊಂದಾಣಿಕೆಯ ಬದಲು ಹತ್ತಿರದ ಹೊಂದಾಣಿಕೆಗೆ ತೃಪ್ತಿಪಟ್ಟು, ಯಾರದೋ ಪುಸ್ತಕಕ್ಕೆ ಯಾರದೋ ಹೆಸರನ್ನು ಸದ್ದಿಲ್ಲದೆ ಅಂಟಿಸಿಬಿಡುತ್ತದೆ. ಆ ಭಯ ಇಲ್ಲಿಲ್ಲ.

ಎಡವುವ ಜಾಗಗಳು ಬೇರೆ ಇವೆ. ಫೈಲು ತೆರೆಯುವಾಗ ಅಂಕಿಗಳನ್ನು ಸಂಖ್ಯೆಗಳಾಗಿ ಓದುವ ಆಯ್ಕೆಯನ್ನು ಗುರುತು ಹಾಕಿದರೆ ‘0412’ ಎಂಬುದು 412 ಆಗುತ್ತದೆ, ಜೋಡಿ ತಪ್ಪುತ್ತದೆ. ಇನ್ನೂ ಅಪಾಯಕಾರಿಯಾದದ್ದು ಖಾಲಿ ಕೋಶ. ತಿದ್ದಿದವರು ಬದಲಾಗದ ವಿವರವನ್ನು ಮತ್ತೆ ಬರೆಯದೆ ಖಾಲಿ ಬಿಟ್ಟಿದ್ದರೆ, ಆ ಖಾಲಿತನವೇ ಬಂದು ಹಳೆಯ ಸರಿಯಾದ ವಿವರವನ್ನು ಅಳಿಸುತ್ತದೆ. ಖಾಲಿ ಇದ್ದರೆ ಹಳೆಯದನ್ನೇ ಇಡು ಎಂಬ ಷರತ್ತನ್ನು ಸೂತ್ರದಲ್ಲಿ ನಾವೇ ಸೇರಿಸಬೇಕು. ಡೇಟಾಬೇಸ್ ಬಲ್ಲವರಿಗೆ ಇದು ಹೊಸದಲ್ಲ: ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ರಿಪ್ಲೇಸ್ ಆದೇಶವೂ ಹಳೆಯ ಸಾಲನ್ನು ಅಳಿಸಿ ಹೊಸದನ್ನು ಸೇರಿಸುತ್ತದೆಯೇ ಹೊರತು ತಿದ್ದುವುದಿಲ್ಲವಾದ್ದರಿಂದ, ನಾವು ಹೇಳದೆ ಬಿಟ್ಟ ಕಾಲಂಗಳ ಹಳೆಯ ವಿವರ ಅಲ್ಲಿಯೂ ಹೋಗುತ್ತದೆ.

ಕನ್ನಡ ದತ್ತಾಂಶದ ಮಟ್ಟಿಗೆ ತಂತ್ರಾಂಶದ ಸಾಧನೆ ಅರ್ಧ ಮಾತ್ರ. ಒಂದೇ ಹೆಸರಿನ ಬೇರೆ ಬೇರೆ ಕಾಗುಣಿತಗಳನ್ನು ಗುಂಪು ಮಾಡಿ ತೋರಿಸುವ ಕ್ಲಸ್ಟರ್ ಸೌಲಭ್ಯದಲ್ಲಿ ಉಚ್ಚಾರಣೆಯನ್ನು ಆಧರಿಸಿದ ವಿಧಾನಗಳು ರೋಮನ್ ಲಿಪಿಯ ಹೆಸರುಗಳಿಗಾಗಿ ಮಾಡಿದವು, ನಮಗೆ ನಿರುಪಯುಕ್ತ. ಅಕ್ಷರಗಳ ವ್ಯತ್ಯಾಸವನ್ನು ಎಣಿಸುವ ಲೆವೆನ್‌ಸ್ಟೈನ್ ವಿಧಾನ ಮಾತ್ರ ‘ಬೆಂಗಳೂರು’, ‘ಬೆಂಗ್ಳೂರು’ಗಳನ್ನು ಒಟ್ಟಿಗೆ ತಂದಿತು. ಅರ್ಕಾವತ್ತನ್ನು ತಪ್ಪಿಸಲು ಬಳಸುವ ಕಣ್ಣಿಗೆ ಕಾಣದ ಜೋಡಕ ಎಂಬ ಸಂಕೇತವು ಒಂದು ನಮೂದಿನ ಕೊನೆಯಲ್ಲಿ ಉಳಿದುಬಿಟ್ಟಿದ್ದರೆ, ನೋಡಲು ಒಂದೇ ಆದ ಎರಡು ಹೆಸರುಗಳು ಕಂಪ್ಯೂಟರಿಗೆ ಎರಡಾಗುತ್ತವೆ. ಯಾವುದು ತಪ್ಪು ಎಂಬ ವಿವೇಚನೆಯನ್ನಂತೂ ಯಂತ್ರದಿಂದ ನಿರೀಕ್ಷಿಸಬಾರದು. ಊರಿನ ಅಧಿಕೃತ ಹೆಸರು 2014ರಲ್ಲಿ ಕಲಬುರಗಿ ಎಂದಾಯಿತೆಂದು 1985ರ ಪುಸ್ತಕದ ಮುದ್ರಣಸ್ಥಳ ‘ಗುಲ್ಬರ್ಗಾ’ವನ್ನು ಬದಲಿಸಲು ಹೊರಟಿದ್ದ ನಾನೇ ಕೊನೆಯ ಗಳಿಗೆಯಲ್ಲಿ ಕೈ ತಡೆದೆ, ಪುಸ್ತಕದಲ್ಲಿ ಅಚ್ಚಾಗಿರುವುದು ಅದೇ.

ಇಷ್ಟಾದರೂ ನಾನು ಇದನ್ನು ಶಿಫಾರಸು ಮಾಡುವುದು ಅದರ ಇತಿಹಾಸ ಪಟ್ಟಿಗಾಗಿ. ಯಾವ ಕಾಲಂನಲ್ಲಿ ಎಷ್ಟು ಕೋಶಗಳು ಬದಲಾದವು ಎಂಬುದು ಹಂತ ಹಂತವಾಗಿ ಅಲ್ಲಿ ದಾಖಲಾಗುತ್ತದೆ. 300 ಬದಲಾಗಬೇಕಾದಲ್ಲಿ 1,900 ಎಂದು ಕಂಡಾಗಲೇ ನನಗೆ ಸೂತ್ರದಲ್ಲಿ ಎಲ್ಲೋ ತಪ್ಪಾಗಿದೆ ಎಂದು ತಿಳಿದದ್ದು, ಒಂದೇ ಒತ್ತಿಗೆ ಹಿಂದಕ್ಕೆ ಹೋದದ್ದು. ಹಿಂದಕ್ಕೆ ಹೋಗಿ ಹೊಸ ಬದಲಾವಣೆ ಮಾಡಿದರೆ ಮುಂದಿನ ಹಂತಗಳು ಅಳಿಯುತ್ತವೆ ಎಂಬುದು ನೆನಪಿರಲಿ. ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯ) ಆಗಿ ಹೊರತೆಗೆದ ಫೈಲಿನಲ್ಲಿ ಈ ಇತಿಹಾಸ ಇರುವುದಿಲ್ಲ; ಪ್ರಾಜೆಕ್ಟನ್ನೇ ಇಡಿಯಾಗಿ ಉಳಿಸಿಕೊಳ್ಳಬೇಕು.

ಕೊನೆಗೆ ಒಂಬತ್ತು ತಿದ್ದುಪಡಿಗಳಿಗೆ ಜೋಡಿ ಸಿಗಲೇ ಇಲ್ಲ, ಏಕೆಂದರೆ ತಪ್ಪಾಗಿದ್ದದ್ದು ಪರಿಗ್ರಹಣ ಸಂಖ್ಯೆಯೇ. ಅವನ್ನು ಮತ್ತೆ ಕಪಾಟಿನ ಬಳಿ ಹೋಗಿ ನೋಡಿಕೊಂಡು ಬಂದು ಕೈಯಾರೆ ತಿದ್ದಿದೆ.