ಎರಡು ಜೋಡಿ ಚರ್ಮದ ಬೂಟು, ಎಂಟು ಮಳೆಗಾಲ

2016ರ ಅಕ್ಟೋಬರ್‌ನಲ್ಲಿ ಮೊದಲ ಜೋಡಿ ಬೂಟು ತಗೊಂಡೆ. 2017ರ ಡಿಸೆಂಬರ್‌ನಲ್ಲಿ ಎರಡನೆಯದು. ಎರಡೂ ಚರ್ಮದವೇ. ಮುಳ್ಳಯ್ಯನಗಿರಿ, ಕುದುರೆಮುಖ, ಎತ್ತಿನ ಭುಜ, ಬಲ್ಲಾಳರಾಯನ ದುರ್ಗ, ಸಕಲೇಶಪುರದ ಕಡೆಯ ಜೇನುಕಲ್ಲು ಗುಡ್ಡ ಎಲ್ಲ ಕಡೆ ಇವನ್ನು ಸರದಿಯ ಮೇಲೆ ಹಾಕಿಕೊಂಡು ನಡೆದಿದ್ದೇನೆ. ಹಿಮಾಚಲದ ಹಿಮಕ್ಕೂ ಒಂದೊಂದು ಸಲ ಹೋಗಿ ಬಂದಿವೆ. ಅಂಗಡಿಯಲ್ಲಿ ಹತ್ತು ನಿಮಿಷ ಹಾಕಿ ನೋಡಿದಾಗ ಕಾಣುವ ಬೂಟೇ ಬೇರೆ, ಎಂಟು ಮಳೆಗಾಲ ಕಳೆದ ಮೇಲೆ ಕಾಣುವ ಬೂಟೇ ಬೇರೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದವರಿಗೆ ಈ ಎರಡನೆಯದು ಗೊತ್ತಿರಬೇಕು. ನಮ್ಮಲ್ಲಿ ಬೂಟನ್ನು ಬೆಟ್ಟಕ್ಕಿಂತ ಜಾಸ್ತಿ ತಿನ್ನುವುದು ತೇವ.

ಮೊದಲನೆಯದನ್ನು ದಪ್ಪ ಜೋಡಿ ಎನ್ನೋಣ. ಮೇಲ್ಮೈ ಉಜ್ಜದ ಇಡೀ ಚರ್ಮ, ಸುಮಾರು 2.8 ಮಿ.ಮೀ. ದಪ್ಪ. ಒಳಗಿನ ಅಸ್ತರೂ ಚರ್ಮವೇ. ನೀರು ತಡೆಯುವ ಪೊರೆ ಇಲ್ಲ. ಅಟ್ಟೆಯನ್ನು ಸುತ್ತಲೂ ದಾರದಲ್ಲಿ ಹೊಲಿದಿದ್ದಾರೆ, ಹೊಲಿಗೆ ಹೊರಗೇ ಕಾಣುತ್ತದೆ. ಅಡುಗೆಮನೆ ತಕ್ಕಡಿಯಲ್ಲಿ ಜೋಡಿಯ ತೂಕ 1,760 ಗ್ರಾಂ. ಬೆಲೆ ಆಗ 18,500 ರೂಪಾಯಿ. ಎರಡನೆಯದು ಹಗುರ ಜೋಡಿ. ನುಬಕ್, ಅಂದರೆ ಮೇಲ್ಮೈಯನ್ನು ನುಣ್ಣಗೆ ಉಜ್ಜಿ ಮಖಮಲ್ಲಿನ ಹಾಗೆ ಮಾಡಿದ ಚರ್ಮ. ನಡುವೆ ಅಲ್ಲಲ್ಲಿ ಬಟ್ಟೆ. ಒಳಗೆ ನೀರು ತಡೆಯುವ ಪೊರೆ. ಕೆಳಗೆ ಪಾಲಿಯುರಿಥೇನ್, ಅಂದರೆ ನೊರೆಯಂಥ ಮೆತ್ತನೆಯ ಪ್ಲಾಸ್ಟಿಕ್‌ನ ನಡು ಅಟ್ಟೆ, ಅದಕ್ಕೆ ಅಂಟಿನಿಂದ ಕೂರಿಸಿದ ರಬ್ಬರ್. ತೂಕ 1,290 ಗ್ರಾಂ. ಬೆಲೆ 9,000.

ಮೊದಲ ವರ್ಷ ಕೇಳಿದ್ದರೆ ಹಗುರ ಜೋಡಿಯೇ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದೆ. ಡಬ್ಬಿಯಿಂದ ತೆಗೆದು ಹಾಕಿಕೊಂಡವನು ಮರುದಿನವೇ ಕುದುರೆಮುಖಕ್ಕೆ ಹೋದೆ. ಮುಳ್ಳೋಡಿಯಿಂದ ಹೋಗಿ ಬರಲು 20 ಕಿ.ಮೀ.ಗೂ ಜಾಸ್ತಿ. ಕಾಲಿಗೆ ಒಂದು ಗುಳ್ಳೆ ಏಳಲಿಲ್ಲ. ದಪ್ಪ ಜೋಡಿ ಹಾಗಲ್ಲ. ಅದು ನನ್ನ ಹಿಮ್ಮಡಿಯನ್ನು ಮೂರು ತಿಂಗಳು ಕಚ್ಚಿತು. ತೋಟದಲ್ಲಿ ಓಡಾಡುವಾಗ, ಪೇಟೆಗೆ ಹೋಗುವಾಗ, ಕಣದಲ್ಲಿ ಕಾಫಿ ಹರಡುವಾಗ ಎಲ್ಲ ಅದನ್ನೇ ಹಾಕಿ ಪಳಗಿಸಬೇಕಾಯಿತು. ಸುಮಾರು 80 ಕಿ.ಮೀ. ನಡೆದ ಮೇಲೆ ಒಂದು ದಿನ ಅದು ಕಾಲಿನಲ್ಲಿ ಇರುವುದೇ ಮರೆತುಹೋಯಿತು. ಅಲ್ಲಿಂದ ಇವತ್ತಿನವರೆಗೂ ಹಾಗೇ ಇದೆ. ಒಳಗಿನ ಚರ್ಮ ನನ್ನ ಪಾದದ ಅಚ್ಚಾಗಿಬಿಟ್ಟಿದೆ.

ಈಗ ಮಳೆಯ ವಿಷಯಕ್ಕೆ ಬರೋಣ. ಈ ವಿಷಯದಲ್ಲಿ ಜನರಿಗೆ ಅಂಗಡಿಯಲ್ಲಿ ಸಿಗುವ ಮಾಹಿತಿ ನಮ್ಮ ಊರಿಗೆ ಹೊಂದುವುದಿಲ್ಲ.

ನೀರು ತಡೆಯುವ ಪೊರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ನೀರಿನ ಹನಿ ಅದರಲ್ಲಿ ಹಿಡಿಯುವುದಿಲ್ಲ. ಬೆವರಿನ ಆವಿ ಮಾತ್ರ ಹೊರಗೆ ಹೋಗುತ್ತದೆ. ಆದರೆ ಆವಿ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿಗಿಂತ ಒಣಗಿರಬೇಕು. ಹಿಮಾಚಲದ ಚಳಿಯಲ್ಲಿ ಅದು ಚೆನ್ನಾಗಿ ನಡೆಯಿತು. ಮೂರು ದಿನ ಹಿಮದಲ್ಲಿ ನಡೆದರೂ ಕಾಲುಚೀಲ ಒಣಗಿದ ಹಾಗೇ ಇತ್ತು. ಆರಿದ್ರಾ, ಪುನರ್ವಸು ಮಳೆಯಲ್ಲಿ ನಮ್ಮ ಗಾಳಿಯೇ ನೀರು. ಬೀರುವಿನಲ್ಲಿಟ್ಟ ಬಟ್ಟೆಗೂ ಬೂಷ್ಟು ಬರುವ ಕಾಲ. ಬೆವರು ಹೋಗಲು ಜಾಗವೆಲ್ಲಿ? ಕಾಲು ಒಳಗಿನಿಂದಲೇ ನೆನೆಯುತ್ತದೆ.

ಇನ್ನೊಂದಿದೆ. ಮುಳ್ಳಯ್ಯನಗಿರಿಯ ಸರ್ಪದಾರಿಯಲ್ಲಿ ಜುಲೈನಲ್ಲಿ ನಡೆದವರಿಗೆ ಗೊತ್ತು, ಹುಲ್ಲು ಮೊಣಕಾಲವರೆಗೆ ಬಂದಿರುತ್ತದೆ. ಮಳೆ ನಿಂತಿದ್ದರೂ ಹುಲ್ಲಿನ ನೀರು ಪ್ಯಾಂಟಿಗೆ, ಪ್ಯಾಂಟಿನಿಂದ ಕಾಲುಚೀಲಕ್ಕೆ, ಕಾಲುಚೀಲದಿಂದ ಬೂಟಿನೊಳಗೆ ಇಳಿಯುತ್ತದೆ. ಮೇಲಿನಿಂದ ಬಂದ ನೀರನ್ನು ಯಾವ ಪೊರೆ ತಡೆದೀತು? ತಡೆಯುವುದಿರಲಿ, ಒಳಗೆ ಬಂದದ್ದನ್ನು ಹೊರಗೂ ಬಿಡುವುದಿಲ್ಲ. ಬೂಟು ಬಿಂದಿಗೆಯಾಗುತ್ತದೆ.

ದಪ್ಪ ಜೋಡಿಯೂ ನೆನೆಯುತ್ತದೆ. ಜೇನುಮೇಣ ಹಚ್ಚಿದ್ದರೆ ಮೂರು ನಾಲ್ಕು ಗಂಟೆ ತಡೆಯುತ್ತದೆ, ಆಮೇಲೆ ಬೆರಳುಗಳು ಮಡಚುವ ಜಾಗದಿಂದ ತಣ್ಣಗೆ ಒಸರಲು ಶುರು. ಆದರೆ ಎರಡು ಬೂಟಿನ ವ್ಯತ್ಯಾಸ ಮನೆಗೆ ಬಂದ ಮೇಲೆ ಕಾಣುತ್ತದೆ. ಒಮ್ಮೆ ಎರಡನ್ನೂ ಒಂದೇ ವಾರ ಪೂರ್ತಿ ನೆನೆಸಿ ತೂಗಿದೆ. ದಪ್ಪ ಜೋಡಿ 2,180 ಗ್ರಾಂ, ಹಗುರ ಜೋಡಿ 1,710 ಗ್ರಾಂ. ಲೇಸ್ ಬಿಚ್ಚಿ, ಒಳ ಅಟ್ಟೆ ತೆಗೆದು, ಹಳೆಯ ಪತ್ರಿಕೆ ತುರುಕಿ ಜಗಲಿಯಲ್ಲಿಟ್ಟೆ. ದಿನಕ್ಕೆರಡು ಸಲ ಪತ್ರಿಕೆ ಬದಲಿಸಿದೆ. ದಪ್ಪ ಜೋಡಿ ಮೂರನೇ ದಿನ ಒಣಗಿತು. ಹಗುರ ಜೋಡಿಗೆ ಐದು ದಿನ ಬೇಕಾಯಿತು, ಅಷ್ಟರಲ್ಲಿ ಒಳಗೆ ಮುಗ್ಗುಲು ವಾಸನೆ ಹತ್ತಿತ್ತು. ಆ ವಾಸನೆ ಪೂರ್ತಿ ಹೋಗಲೇ ಇಲ್ಲ.

ಇಂಬಳದ, ಅಂದರೆ ಕಾಡಿನ ಜಿಗಣೆಯ ವಿಷಯದಲ್ಲಿ ಎರಡೂ ಒಂದೇ. ಎರಡರಲ್ಲೂ ನಾಲಿಗೆಯನ್ನು ಪಕ್ಕಕ್ಕೆ ಸೇರಿಸಿ ಹೊಲಿದಿರುವುದರಿಂದ ಲೇಸ್ ಸಂದಿಯಿಂದ ಇಂಬಳ ನುಗ್ಗುವುದಿಲ್ಲ. ಮೇಲಿನಿಂದ ಬರುವುದಕ್ಕೆ ಇಂಬಳ ತಡೆಯುವ ಉದ್ದ ಕಾಲುಚೀಲವೇ ಗತಿ.

ಹಿಡಿತಕ್ಕೆ ಬಂದರೆ, ಎರಡಕ್ಕೂ ವೈಬ್ರಮ್ ಕಂಪನಿಯ ರಬ್ಬರ್ ಅಟ್ಟೆ. ಈ ಹೆಸರು ವಿಟಾಲೆ ಬ್ರಮಾನಿ ಎಂಬ ಇಟಲಿಯ ಪರ್ವತಾರೋಹಿಯದು. 1935ರಲ್ಲಿ ಆಲ್ಪ್ಸ್‌ನ ಪುಂಟಾ ರಾಸಿಕಾದಲ್ಲಿ ಅವರ ಆರು ಜೊತೆಗಾರರು ಸತ್ತರು. ಆ ಕಾಲದ ಬೂಟು ಆ ಚಳಿಗೆ, ಆ ಹಿಮಕ್ಕೆ ಸಾಲದಾಗಿತ್ತು. ಆ ನೋವಿನಿಂದ ಹುಟ್ಟಿದ್ದು 1937ರ ರಬ್ಬರ್ ಅಟ್ಟೆ. ನಾವು ಇವತ್ತು ಕಾಲಿಗೆ ಹಾಕುವ ಹಲ್ಲುಹಲ್ಲಿನ ಅಟ್ಟೆಗೆ ಅದೇ ಮೂಲ. ಇಳಿಜಾರಿನ ಕೆಸರಿನಲ್ಲಿ ಕಾಲು ಊರಿ ನಿಂತಾಗಲೆಲ್ಲ ನನಗೆ ಅವರು ನೆನಪಾಗುತ್ತಾರೆ. ಆದರೆ ಹಳ್ಳದ ಪಾಚಿಗಲ್ಲಿನ ಮೇಲೆ ಯಾವ ಅಟ್ಟೆಯನ್ನೂ ನಂಬಬೇಡಿ. ಅಲ್ಲಿ ಎರಡೂ ನನ್ನನ್ನು ಬೀಳಿಸಿವೆ.

ಕಲ್ಲಿನ ಮೇಲೆ ದಪ್ಪ ಜೋಡಿ ಬಹಳ ಮುಂದೆ. ಕುದುರೆಮುಖದ ಕಬ್ಬಿಣದ ಅದಿರಿನ ಕಲ್ಲುಗಳ ಅಂಚು ಚೂಪು. ಹಗುರ ಜೋಡಿಯ ಬಟ್ಟೆ ಎರಡನೇ ವರ್ಷವೇ ಕಿರುಬೆರಳಿನ ಹತ್ತಿರ ಹರಿಯಿತು. ದಪ್ಪ ಜೋಡಿಯಲ್ಲಿ ಬರೀ ಗೀರು. ಮೇಣ ಹಚ್ಚಿದರೆ ಅದೂ ಮಾಸುತ್ತದೆ. ಹಿಮದಲ್ಲೂ ಹಾಗೇ. ಗಟ್ಟಿ ಹಿಮಕ್ಕೆ ಒದ್ದು ಮೆಟ್ಟಿಲು ಮಾಡುವಾಗ ದಪ್ಪ ಜೋಡಿಯ ಮೂತಿ ಅಲುಗಲಿಲ್ಲ. ಪಟ್ಟಿ ಕಟ್ಟುವ ಕ್ರ್ಯಾಂಪಾನ್, ಅಂದರೆ ಹಿಮದಲ್ಲಿ ಜಾರದಂತೆ ಬೂಟಿನಡಿ ಹಾಕುವ ಲೋಹದ ಮುಳ್ಳುಗಳ ಚೌಕಟ್ಟು, ಭದ್ರವಾಗಿ ಕೂತಿತು. ಹಗುರ ಜೋಡಿಯ ಅಟ್ಟೆ ಬಳುಕುತ್ತದೆ. ಅರ್ಧ ಗಂಟೆಗೊಮ್ಮೆ ನಿಂತು ಪಟ್ಟಿ ಬಿಗಿಯಬೇಕಾಯಿತು. ಮಲಗಿದಂತಿರುವ ಇಳಿಜಾರಿಗೆ ಪರವಾಗಿಲ್ಲ. ಕಡಿದಾದಲ್ಲಿ ಅದನ್ನು ಮತ್ತೆ ಹಾಕುವುದಿಲ್ಲ.

2022ರ ಸೆಪ್ಟೆಂಬರ್. ಎತ್ತಿನ ಭುಜದಿಂದ ಇಳಿಯುತ್ತಿದ್ದೆ, ಕಾಲಲ್ಲಿ ಹಗುರ ಜೋಡಿ. ಎಡಗಾಲಿನ ಹಿಮ್ಮಡಿ ಏನೋ ಮೆತ್ತಗೆ ಕುಸಿದ ಹಾಗಾಯಿತು. ಬಗ್ಗಿ ನೋಡಿದರೆ ನಡು ಅಟ್ಟೆ ಒಣಗಿದ ಬೆಲ್ಲದಂತೆ ಪುಡಿಪುಡಿ. ಇಪ್ಪತ್ತು ಹೆಜ್ಜೆಗೆ ರಬ್ಬರ್ ಪೂರ್ತಿ ಕಳಚಿತು. ಬಲಗಾಲಿನದು ಬೆಟ್ಟದ ಕೆಳಗಿನ ದೇವಸ್ಥಾನದವರೆಗೂ ಬರಲಿಲ್ಲ. ಲೇಸ್ ಕತ್ತರಿಸಿ ಕಟ್ಟಿಕೊಂಡು ಕೆಳಗೆ ಬಂದೆ. ಮೇಲಿನ ಚರ್ಮ ನೋಡಿದರೆ ಹೊಸದರಂತೆ! ರಬ್ಬರ್ ಹಲ್ಲುಗಳೂ ಅರ್ಧಕ್ಕಿಂತ ಜಾಸ್ತಿ ಉಳಿದಿದ್ದವು. ಕಂಪನಿಯವರಿಗೆ ಫೋಟೊ ಕಳಿಸಿದೆ. ವಾರಂಟಿ ಮುಗಿದಿದೆ, ರಿಪೇರಿ ಮಾಡುವುದಿಲ್ಲ ಎಂದರು. ಸಿಟ್ಟು ಬಂತು. ಕೊಳ್ಳುವಾಗ ಯಾರೂ ಒಂದು ಮಾತು ಹೇಳಿರಲಿಲ್ಲ.

ಆಮೇಲೆ ಕಾರಣ ತಿಳಿದುಕೊಂಡೆ. ಬೂಟಿನಲ್ಲಿ ಬಳಸುವ ಬಹಳಷ್ಟು ಪಾಲಿಯುರಿಥೇನ್‌ಗೆ ಗಾಳಿಯ ತೇವವೇ ಶತ್ರು. ನೀರಿನ ಅಣುಗಳು ಅದರ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತವೆ. ಸೆಕೆ, ತೇವ ಎರಡೂ ಸೇರಿದರೆ ಇನ್ನೂ ಬೇಗ. ನಡೆದರೂ ನಡೆಯದಿದ್ದರೂ ಇದು ಆಗುತ್ತಲೇ ಇರುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟ ಬೂಟಿಗಂತೂ ಇದು ತಪ್ಪಿದ್ದಲ್ಲ. ನಾನು ಮಳೆಗಾಲದಲ್ಲಿ ಜೋಪಾನ ಎಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೆ. ಅದೇ ತಪ್ಪಾಯಿತು. ಬೂಟಿನ ನಾಲಿಗೆಯ ಒಳಗಿನ ಚೀಟಿ ನೋಡಿದರೆ ತಯಾರಾದದ್ದು 2016ರಲ್ಲಿ. ನಾನು ಕೊಳ್ಳುವ ಹೊತ್ತಿಗೇ ಒಂದು ವರ್ಷ ಗೋದಾಮಿನಲ್ಲಿ ಕಳೆದಿತ್ತು. ಅದಕ್ಕೇ ಹೇಳುವುದು, ರಿಯಾಯಿತಿಯಲ್ಲಿ ಸಿಗುವ ಹಳೆಯ ಸ್ಟಾಕ್ ಕೊಳ್ಳುವ ಮೊದಲು ಆ ಚೀಟಿ ನೋಡಿ. ಐದು ವರ್ಷದ ಹಿಂದಿನದಾದರೆ ಎಷ್ಟೇ ಅಗ್ಗವಾದರೂ ಬೇಡ. ಮನೆಯಲ್ಲಿರುವ ಹಳೆಯ ಜೋಡಿಯನ್ನೂ ದೂರದ ಚಾರಣಕ್ಕೆ ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿ. ನಡು ಅಟ್ಟೆಯಲ್ಲಿ ಸಣ್ಣ ಬಿರುಕು ಕಂಡರೆ, ಪುಡಿ ಉದುರಿದರೆ ಬೆಟ್ಟಕ್ಕೆ ಒಯ್ಯಬೇಡಿ.

ದಪ್ಪ ಜೋಡಿಯ ನಡು ಪದರ ಚರ್ಮ ಮತ್ತು ರಬ್ಬರಿನದು. ಈ ಕಾಟ ಅದಕ್ಕಿಲ್ಲ. 2021ರಲ್ಲಿ ಅದರ ಅಟ್ಟೆಯ ಹಲ್ಲು ಸವೆದು ನುಣ್ಣಗಾಯಿತು. ಹಾಸನದಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ನೋಡಿ, "ಹೊಲಿಗೆ ಬಿಚ್ಚಬಹುದು, ಆದರೆ ಈ ತರದ ಅಟ್ಟೆ ನನ್ನ ಹತ್ರ ಇಲ್ಲ" ಎಂದರು. ಬೆಂಗಳೂರಿಗೆ ಕಳಿಸಿದೆ. 3,800 ರೂಪಾಯಿಗೆ ಹೊಸ ಅಟ್ಟೆ ಬಂತು. ಕಾಲಿನ ಅಚ್ಚು ಅದೇ, ಅಟ್ಟೆ ಹೊಸದು. ಎಷ್ಟು ಖುಷಿಯಾಯಿತು ಗೊತ್ತಾ!

ಹಾಗಂತ ದಪ್ಪ ಜೋಡಿಗೆ ಏನೂ ಆಗಿಲ್ಲ ಅಂತಲ್ಲ. 2019ರ ಆಗಸ್ಟ್‌ನಲ್ಲಿ ಅವಸರಕ್ಕೆ ಬಚ್ಚಲ ಒಲೆಯ ಪಕ್ಕ ಒಣಗಲು ಇಟ್ಟೆ. ಒದ್ದೆ ಚರ್ಮಕ್ಕೆ ಬೆಂಕಿಯ ಕಾವು ತಾಗಿದರೆ ನಾರುಗಳು ಮುದುಡಿ ಗಟ್ಟಿಯಾಗುತ್ತವೆ. ಬಲಗಾಲಿನ ಮಡಿಕೆಯಲ್ಲಿ ಒಂದು ಇಂಚಿನ ಬಿರುಕು ಬಿತ್ತು. ಅದು ಇವತ್ತೂ ಇದೆ, ಈಗ ನೀರು ಮೊದಲು ಒಸರುವುದು ಅಲ್ಲಿಂದಲೇ. ಆರೈಕೆಯೂ ಜಾಸ್ತಿ ಬೇಡುತ್ತದೆ. ಕೆಸರು ತೊಳೆಯಬೇಕು, ಬೆವರಿನ ಉಪ್ಪು ಹೋಗಲು ಒಳಗೂ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ನೆರಳಲ್ಲಿ ಒಣಗಿಸಬೇಕು. ಎರಡು ಮೂರು ಚಾರಣಕ್ಕೊಮ್ಮೆ ತೆಳ್ಳಗೆ ಮೇಣ. ಎಣ್ಣೆ ಸುರಿಯಬಾರದು, ಚರ್ಮ ಸಡಿಲವಾಗಿ ಹಿಮ್ಮಡಿ ಹಿಡಿಯುವುದಿಲ್ಲ. ಬೂಷ್ಟು ಬಂದರೆ ವಿನೆಗರ್ ಬೆರೆಸಿದ ನೀರು ಸಾಕು. ಇಡುವುದು ಮಾತ್ರ ಗಾಳಿಯಾಡುವ ಜಾಗದಲ್ಲಿ, ಚೀಲ ಇಲ್ಲದೆ.

ತೋಟದವರು ಹಾಕುವ ಕ್ಯಾನ್ವಾಸ್ ಹಂಟರ್ ಶೂ ಸಾಲದಾ ಎಂದು ನಮ್ಮ ಕಡೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕೆಸರಿನಲ್ಲಿ ಅದರ ಹಿಡಿತ ಒಳ್ಳೆಯದು, ಬೇಗ ಒಣಗುತ್ತದೆ, ಬೆಲೆ ಕೆಲವೇ ನೂರು. ಮಳೆಗಾಲದ ಅರ್ಧ ದಿನದ ನಡಿಗೆಗೆ ನಾನೂ ಅದನ್ನೇ ಹಾಕುತ್ತೇನೆ. ಆದರೆ ಹತ್ತು ಕೆ.ಜಿ. ಚೀಲ ಹೊತ್ತು ಕಲ್ಲಿನ ಇಳಿಜಾರು ಇಳಿದರೆ ಪ್ರತಿ ಕಲ್ಲೂ ಪಾದಕ್ಕೆ ಚುಚ್ಚುತ್ತದೆ.

ವರ್ಷಕ್ಕೆ ಎರಡು ಮೂರು ಸಲ, ಅದೂ ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗುವವರು ಹಗುರ ಜೋಡಿಯಂಥದ್ದನ್ನೇ ಕೊಳ್ಳಿ. ಐದು ವರ್ಷಕ್ಕೆ ಅದರ ಆಯುಸ್ಸು ಮುಗಿಯುತ್ತದೆ ಎಂದು ತಿಳಿದೇ ಕೊಳ್ಳಿ. ತಿಂಗಳಿಗೊಮ್ಮೆ ಬೆಟ್ಟ ಹತ್ತುವವರು, ಎಂದಾದರೂ ಹಿಮಕ್ಕೆ ಹೋಗುವ ಆಸೆ ಇರುವವರು ಹೊಲಿದ ಅಟ್ಟೆಯ ಬೂಟಿಗೆ ದುಡ್ಡು ಕೂಡಿಡಿ. ನನ್ನ ಲೆಕ್ಕ ಹೀಗಿದೆ: ಹಗುರ ಜೋಡಿಗೆ ಐದು ಮಳೆಗಾಲಕ್ಕೆ 9,000. ದಪ್ಪ ಜೋಡಿಗೆ ಅಟ್ಟೆಯ ಖರ್ಚೂ ಸೇರಿ ಎಂಟು ಮಳೆಗಾಲಕ್ಕೆ 22,300. ದುಡ್ಡಿನಲ್ಲಿ ದಪ್ಪ ಜೋಡಿ ಇನ್ನೂ ದುಬಾರಿಯೇ. ಆದರೆ ಹಗುರ ಜೋಡಿ ಗುಜರಿಗೆ ಹೋಗಿದೆ. ದಪ್ಪ ಜೋಡಿ ಜಗಲಿಯಲ್ಲಿ ಪತ್ರಿಕೆ ತುಂಬಿಕೊಂಡು ಕೂತಿದೆ. ಅಟ್ಟೆಯ ಹಲ್ಲು ಮತ್ತೆ 2 ಮಿ.ಮೀ.ಗೆ ಇಳಿದಿದೆ. ಮಳೆ ಹಿಡಿಯುವ ಮುಂಚೆ ಬೆಂಗಳೂರಿಗೆ ಕಳಿಸಬೇಕು.