ಪತಂಗದ ರೂಪಾಂತರಕ್ಕೆ ಯಾವ ಲೆನ್ಸ್?

ಮೊಟ್ಟೆಯಿಂದ ರೆಕ್ಕೆ ಬಿಚ್ಚುವವರೆಗೆ ಪತಂಗವನ್ನು ನಾಲ್ಕು ಬಗೆಯಲ್ಲಿ ಸೆರೆಹಿಡಿದು ನೋಡಿದ್ದೇನೆ: ಹಿಂದುಮುಂದಾಗಿ ತಿರುಗಿಸಿ ಹಾಕಿದ ಲೆನ್ಸ್, ಎಕ್ಸ್‌ಟೆನ್ಶನ್ ಟ್ಯೂಬ್ (ಕ್ಯಾಮೆರಾ ಮತ್ತು ಲೆನ್ಸ್ ನಡುವೆ ಹಾಕುವ ಟೊಳ್ಳು ಕೊಳವೆ), ಕ್ಲೋಸ್‌ಅಪ್ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ ಭೂತಗನ್ನಡಿಯಂಥ ಗಾಜು), ಮ್ಯಾಕ್ರೋ ಲೆನ್ಸ್ (ತೀರಾ ಹತ್ತಿರದ ಚಿತ್ರಗಳಿಗೆಂದೇ ಮಾಡಿದ್ದು). ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನಾನು ಮೊದಲು ನೋಡುವುದು, ಹುಳುವಿನಿಂದ ಎಷ್ಟು ದೂರ ಇರಬಹುದು ಅನ್ನೋದನ್ನ.

ಮೊಟ್ಟೆಗೆ ತಿರುಗಿಸಿದ ಲೆನ್ಸೇ ಸರಿ. ರೇಷ್ಮೆ ಪತಂಗದ ಮೊಟ್ಟೆ ಸುಮಾರು 1 ಮಿ.ಮೀ. ಅಷ್ಟೇ. 28 ಮಿ.ಮೀ. ಲೆನ್ಸನ್ನು ರಿವರ್ಸ್ ರಿಂಗ್ ಹಾಕಿ ತಿರುಗಿಸಿದರೆ ಕ್ಯಾಮೆರಾದೊಳಗಿನ ಸೆನ್ಸರ್ ಮೇಲೆ ಅದು ಸುಮಾರು ಎರಡು ಪಟ್ಟಾಗಿ ಬೀಳುತ್ತದೆ. ಬೆಳಕಿನ ಕಿಂಡಿಯನ್ನು ಕೈಯಿಂದಲೇ ಹೊಂದಿಸುವ ಅಪರ್ಚರ್ ರಿಂಗ್ ಇರುವ ಹಳೆಯ ಲೆನ್ಸ್ ಆದರೆ ಒಳ್ಳೆಯದು. ಹುಳುವಿಗೂ ಗಾಜಿಗೂ ನಡುವೆ ಉಳಿಯುವ ಜಾಗ ನಾಲ್ಕೈದು ಸೆಂ.ಮೀ. ಮಾತ್ರ. ಹಾಗಾಗಿ ಓಡಾಡುವ ಕಂಬಳಿಹುಳುವಿಗೆ ಇದು ಬೇಡ.

ಕಂಬಳಿಹುಳುವಿಗೆ ಟ್ಯೂಬ್ ಇಷ್ಟವಾಯಿತು. 50 ಮಿ.ಮೀ. ಲೆನ್ಸಿಗೆ 50 ಮಿ.ಮೀ. ಟ್ಯೂಬ್ ಸೇರಿಸಿದರೆ 1:1 ಸಿಗುತ್ತದೆ, ಅಂದರೆ ಹುಳುವಿನ ನಿಜ ಗಾತ್ರವೇ ಸೆನ್ಸರ್ ಮೇಲೆ ಬೀಳುತ್ತದೆ. ಒಳಗೆ ಗಾಜಿಲ್ಲ, ಚಿತ್ರ ಚೊಕ್ಕಟವಾಗಿರುತ್ತದೆ. ಬೆಳಕು ಮಾತ್ರ ಎರಡು ಸ್ಟಾಪ್ ಕಡಿಮೆಯಾಗುತ್ತದೆ, ಅಂದರೆ ಕಾಲು ಭಾಗವಷ್ಟೇ ಉಳಿಯುತ್ತದೆ. ಪೊರೆ ಕಳಚುವ ಮುಂಚೆ ಹುಳು ಅಲುಗಾಡದೆ ಕೂರುತ್ತದಲ್ವಾ, ಆಗ ಎಲೆಯನ್ನು ಹಿಡಿದ ಹಿಂಗಾಲುಗಳ ಕೊಕ್ಕೆಗಳೂ ಕಾಣುತ್ತವೆ.

ಕ್ಲೋಸ್‌ಅಪ್ ಫಿಲ್ಟರಿನಲ್ಲಿ ಬೆಳಕು ಕಡಿಮೆಯಾಗುವುದಿಲ್ಲ, ಹಾಕೋದೂ ಸುಲಭ. ಒಂಟಿ ಗಾಜಿನದ್ದಾದರೆ ಅಂಚು ಮಸುಕು. ದೊಡ್ಡ ಪತಂಗಕ್ಕೆ ಸಾಕು.

ಪತಂಗ ಗೂಡಿನಿಂದ ಹೊರಬರುವ ಹೊತ್ತಿಗೆ ಮಾತ್ರ 100 ಮಿ.ಮೀ. ಮ್ಯಾಕ್ರೋ ಬಿಟ್ಟು ಬೇರೇನೂ ಕೈಗೆತ್ತಿಕೊಳ್ಳುವುದಿಲ್ಲ. ಒದ್ದೆಯಾದ ಪುಟ್ಟ ರೆಕ್ಕೆ ಹೊತ್ತು ಅದು ಮೇಲೇರುತ್ತದೆ, ಎಲ್ಲಾದರೂ ಕಾಲೂರಿ ಜೋತು ಬೀಳುತ್ತದೆ. ಮೈಯೊಳಗಿನ ದ್ರವವನ್ನು ರೆಕ್ಕೆಯ ನರಗಳಿಗೆ ಒತ್ತಿ ಒತ್ತಿ ಕಳಿಸುತ್ತದೆ. ನೋಡನೋಡುತ್ತಿದ್ದಂತೆ ರೆಕ್ಕೆ ಹಿಗ್ಗುತ್ತದೆ! ಆ ಹೊತ್ತಲ್ಲಿ ಹೆದರಿ ಕೆಳಗೆ ಬಿದ್ದರೆ ರೆಕ್ಕೆ ಮುದುಡಿದಂತೆಯೇ ಗಟ್ಟಿಯಾಗಬಹುದು, ಮತ್ತೆ ಸರಿಯಾಗುವುದಿಲ್ಲ. ಒಂದು ಫೋಟೋಕ್ಕಾಗಿ ತೀರಾ ಹತ್ತಿರ ಹೋಗಿ ಅದನ್ನು ಹೆದರಿಸಲು ನನಗೆ ಮನಸ್ಸಿಲ್ಲ. ಮ್ಯಾಕ್ರೋ ಇದ್ದರೆ 1:1ರಲ್ಲೂ ಗಾಜಿನ ಮುಂದೆ ಸುಮಾರು ಹನ್ನೆರಡರಿಂದ ಹದಿನೈದು ಸೆಂ.ಮೀ. ಜಾಗ ಇರುತ್ತದೆ. ಇನ್ನೊಂದು ಅನುಕೂಲ, ಫೋಕಸ್ ಹತ್ತಿರದಿಂದ ದೂರದವರೆಗೂ ಓಡುತ್ತದೆ. ಟ್ಯೂಬಿನಲ್ಲಿ ಫೋಕಸ್ ಸಿಗುವ ದೂರದ ವ್ಯಾಪ್ತಿ ಬಹಳ ಕಿರಿದು. ರೆಕ್ಕೆ ಪೂರ್ತಿ ಬಿಚ್ಚಿದಾಗ ಟ್ಯೂಬ್ ಬಿಚ್ಚುತ್ತಾ ಕೂತರೆ ಹೊತ್ತು ಮೀರಿರುತ್ತದೆ. ಮ್ಯಾಕ್ರೋದಲ್ಲಾದರೆ ಸುಮ್ನೆ ಒಂದು ಹೆಜ್ಜೆ ಹಿಂದೆ ಸರಿದರಾಯಿತು.